ಗುಡುಗು ಬೇಕೋ, ಮಿಂಚು ಬೇಕೋ? ಅರ್ನಾಲ್ಡನ ಗಾಡಿಗಳ ಕಥೆ!

ಬಾಗಿಲು ತಳ್ಳಿಕೊಂಡು ಆತ ಒಳಗೆ ಬರುತ್ತಾನೆ. ಮೈಮೇಲೆ ಒಂದೆಳೆ ನೂಲಿಲ್ಲ! ಮುಖದಲ್ಲಿ ನಾಚಿಕೆಯೂ ಇಲ್ಲ! ಬಾರಿನಲ್ಲಿ ಕುಳಿತ ದಾಂಡಿಗನ ಹತ್ತಿರ ಸೀದಾ ಹೋಗಿ ಮೂರೇ ಮೂರು ವಸ್ತು ಕೇಳುತ್ತಾನೆ. ಬಟ್ಟೆ, ಬೂಟು, ಮೋಟಾರ್ ಸೈಕಲ್. ಕೊಡುವುದಿಲ್ಲ ಅಂದವರ ಗತಿ ಏನಾಯಿತು ಅಂತ ನಿಮಗೆ ಹೇಳಬೇಕೆ? ಸ್ವಲ್ಪ ಹೊತ್ತಿಗೆ ಕಪ್ಪು ಚರ್ಮದ ಜಾಕೆಟ್ಟು, ಕಪ್ಪು ಕನ್ನಡಕ, ಕೂರಲು ಹಾರ್ಲೆ ಡೇವಿಡ್‌ಸನ್... ಎಂಜಿನ್ನು ಗುಡುಗುತ್ತದೆ. ಗಾಂಧಿ ಕ್ಲಾಸಿನಿಂದ ಬಾಲ್ಕನಿವರೆಗೆ ಶಿಳ್ಳೆ! ಪಕ್ಕದ ಸೀಟಿನವನ ಕಡಲೆಕಾಯಿ ಪೊಟ್ಟಣ ನನ್ನ ಮಡಿಲಿಗೆ!

1991ರಲ್ಲಿ ಬಂದ ‘ಟರ್ಮಿನೇಟರ್ 2’ ನೋಡಿದ ಯಾವ ಚಿತ್ರರಸಿಕನೂ ಆ ಗುಡುಗನ್ನು ಮರೆಯಲಾರ. ನಾಯಕ ಅಂದರೆ ಗಾಡಿ, ಗಾಡಿ ಅಂದರೆ ಸದ್ದು. ಹಾಗಂತ ನಾವೆಲ್ಲ ನಂಬಿಕೊಂಡು ಬೆಳೆದವರು. ಗಾಡಿ ಬರುವ ಮೊದಲೇ ಸದ್ದು ಬರಬೇಕು, ಖಳನಾಯಕನ ಕಡೆಯವರು ತಿರುಗಿ ನೋಡಬೇಕು, ಆಮೇಲೆ ಧೂಳು, ಆಮೇಲೆ ನಾಯಕನ ಬೂಟು!

ಈಗ ಆ ನಂಬಿಕೆಗೇ ಪೆಟ್ಟು ಬಿದ್ದಿದೆ. ದಾವಣಗೆರೆಯ ಇಬ್ಬರು ಓದುಗ ಮಿತ್ರರು ಒಂದೇ ಕಾಗದದಲ್ಲಿ, ಎರಡು ಕೈಬರಹದಲ್ಲಿ, ಒಂದು ಜಗಳ ಬರೆದು ಕಳಿಸಿದ್ದಾರೆ. ಒಬ್ಬರು ಕಾರು ಗ್ಯಾರೇಜಿನಲ್ಲಿ ಕೆಲಸ ಮಾಡುವವರು. ಇನ್ನೊಬ್ಬರು ಬ್ಯಾಟರಿ ಸ್ಕೂಟರಿನಲ್ಲಿ ಮನೆಮನೆಗೆ ಸಾಮಾನು ಮುಟ್ಟಿಸುವವರು. ಇಬ್ಬರೂ ಅರ್ನಾಲ್ಡ್ ಶ್ವಾರ್ಜ್‌ನೆಗರ್‌ನ ಕಟ್ಟಾ ಅಭಿಮಾನಿಗಳು. ಅವರ ಪ್ರಶ್ನೆ ಇಷ್ಟೇ: ಎಡಗಡೆ ಪೆಟ್ರೋಲ್ ಜಿ ವ್ಯಾಗನ್, ಬಲಗಡೆ ಕರೆಂಟ್ ಜಿ ವ್ಯಾಗನ್ ನಿಲ್ಲಿಸಿದರೆ ಅರ್ನಾಲ್ಡ್ ಯಾವುದನ್ನು ಹತ್ತುತ್ತಾನೆ? ಪಂದ್ಯ ಏನು ಗೊತ್ತೇ? ಸೋತವರು ಒಂದು ತಿಂಗಳ ಅಷ್ಟೂ ಭಾನುವಾರ ಬೆಣ್ಣೆ ದೋಸೆ ಕೊಡಿಸಬೇಕು!

ಗ್ಯಾರೇಜಿನ ಮಿತ್ರರು ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದಾರೆ. ‘ಸಾರ್, ಕರೆಂಟ್ ಗಾಡೀಲಿ ರಿಪೇರಿ ಮಾಡೋಕೆ ಏನಿರುತ್ತೆ? ನಮ್ಮ ಹೊಟ್ಟೆ ಪಾಡು ಏನು?’ ಆ ಸಾಲು ಓದಿದ ಮೇಲೆ ಇದು ಬರೀ ದೋಸೆಯ ಜಗಳ ಅಲ್ಲ ಅಂತ ನನಗೂ ಅನ್ನಿಸಿತು. ಅದಕ್ಕೇ ಈ ಲೇಖನ.

(ಅರ್ನಾಲ್ಡನನ್ನು ಏಕವಚನದಲ್ಲಿ ಕರೆಯುತ್ತೇನೆ, ಯಾರೂ ತಪ್ಪು ತಿಳಿಯಬೇಡಿ. ಅಭಿಮಾನಿಗೆ ಆ ಸಲುಗೆ ಇದ್ದದ್ದೇ!)

ಹಮ್ಮರಿಗೆ ಮನಸೋತ ಮೇಷ್ಟರು

1990ರಲ್ಲಿ ತೆರೆ ಕಂಡ ‘ಕಿಂಡರ್‌ಗಾರ್ಟನ್ ಕಾಪ್’ ನೆನಪಿದೆಯೇ? ಬೆಟ್ಟದಂಥ ಪೊಲೀಸ್ ಪತ್ತೇದಾರ ಪುಟಾಣಿ ಮಕ್ಕಳಿಗೆ ಮೇಷ್ಟರಾಗಿ ಪಾಡು ಪಡುವ ಚಿತ್ರ. ಅದರ ಚಿತ್ರೀಕರಣ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ನಡೆಯುತ್ತಿತ್ತು. ಒಂದು ದಿನ ರಸ್ತೆಯಲ್ಲಿ ಸೈನ್ಯದ ವಾಹನಗಳ ಸಾಲು ಹೊರಟಿತು. ಹಂವೀ ಅಂತ ಆ ಗಾಡಿಯ ಹೆಸರು. ಏಳಡಿಗಿಂತ ಅಗಲ, ಬಂಡೆಯಂಥ ಮೈ. ನಮ್ಮ ಮೇಷ್ಟರು ನೋಡಿದ್ದೇ ನೋಡಿದ್ದು, ಪ್ರಥಮ ನೋಟದ ಪ್ರೇಮ!

ಆದರೆ ಅದು ಸೈನ್ಯಕ್ಕೆ ಮಾತ್ರ ಮಾಡುತ್ತಿದ್ದ ಗಾಡಿ. ದುಡ್ಡು ಎಷ್ಟಿದ್ದರೂ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಅರ್ನಾಲ್ಡ್ ಬಿಡುವ ಪೈಕಿಯೇ? ತಯಾರಕರಾದ ಎಎಂ ಜನರಲ್ ಕಂಪನಿಯ ಬೆನ್ನು ಹತ್ತಿದ. ಊರಿನ ಜನಕ್ಕೂ ಇಂಥದೊಂದು ಮಾಡಿ ಮಾರಿ ಅಂತ ಪೀಡಿಸಿದ. ಅಷ್ಟರಲ್ಲಿ 1991ರ ಕೊಲ್ಲಿ ಯುದ್ಧ ಬಂತು, ಟೀವಿಯಲ್ಲಿ ಹಂವೀ ಮನೆಮಾತಾಯಿತು. 1992ರಲ್ಲಿ ‘ಹಮ್ಮರ್’ ಅನ್ನುವ ಹೆಸರಿನಲ್ಲಿ ಸಾರ್ವಜನಿಕರಿಗೆ ಮಾರಾಟ ಶುರು. ಮೊದಲ ಗಿರಾಕಿ ಯಾರು ಅಂತ ಬೇರೆ ಹೇಳಬೇಕಿಲ್ಲ!

ಒಂದಕ್ಕೆ ನಿಲ್ಲಲಿಲ್ಲ. ಹಲವು ಹಮ್ಮರುಗಳು ಅವನ ಅಂಗಳಕ್ಕೆ ಬಂದವು. ಅಂದಹಾಗೆ ಈ ಮನುಷ್ಯನಿಗೆ ದೊಡ್ಡ ಗಾಡಿಯ ಹುಚ್ಚು ಹೊಸದೇನಲ್ಲ. 1965ರಲ್ಲಿ ಆಸ್ಟ್ರಿಯಾ ಸೈನ್ಯದಲ್ಲಿ ಹುಡುಗನಾಗಿ ಓಡಿಸಿದ್ದ ಎಂ-47 ಪ್ಯಾಟನ್ ಟ್ಯಾಂಕನ್ನೇ ಆಮೇಲೆ ಹುಡುಕಿ ಅಮೆರಿಕಕ್ಕೆ ತರಿಸಿಕೊಂಡವನು! ನಾವು ಹಳೇ ಸೈಕಲ್ಲು ಅಟ್ಟದ ಮೇಲೆ ಇಟ್ಟುಕೊಂಡ ಹಾಗೆ.

ಹಮ್ಮರಿನ ಮೈಲೇಜು ಮಾತ್ರ ಕೇಳಬೇಡಿ. ಡೀಸೆಲ್ಲಿನದೂ ಇತ್ತು, ಪೆಟ್ರೋಲಿನದೂ ಇತ್ತು, ಎರಡೂ ಮಹಾ ಕುಡುಕ. ಲೀಟರಿಗೆ ನಾಲ್ಕೈದು ಕಿಲೋಮೀಟರ್ ಬಂದರೆ ಪುಣ್ಯ. ತೂಕ ಮೂರು ಟನ್ನು ದಾಟುತ್ತಿತ್ತು. 1999ರಲ್ಲಿ ಜನರಲ್ ಮೋಟಾರ್ಸ್ ಈ ಹೆಸರನ್ನು ಕೊಂಡುಕೊಂಡಿತು. ನಟರು, ಕ್ರೀಡಾಪಟುಗಳು, ಪಾಪ್ ಗಾಯಕರು ಎಲ್ಲರ ಮನೆ ಮುಂದೆಯೂ ಹಮ್ಮರು ನಿಂತಿತು.

ನಾಯಕ ಗವರ್ನರಾದ, ಗಾಡಿ ಖಳನಾಯಕನಾಯಿತು

2003ರ ನವೆಂಬರಿನಲ್ಲಿ ಅರ್ನಾಲ್ಡ್ ಕ್ಯಾಲಿಫೋರ್ನಿಯಾದ ಗವರ್ನರ್ ಆದ. ಅಲ್ಲಿ ಗವರ್ನರ್ ಅಂದರೆ ನಮ್ಮಲ್ಲಿಯ ಮುಖ್ಯಮಂತ್ರಿ ಇದ್ದ ಹಾಗೆ, ಜನರೇ ವೋಟು ಹಾಕಿ ಆರಿಸುವುದು. ಹೊಗೆಮಂಜಿಗೆ ಹೆಸರಾದ ಲಾಸ್ ಏಂಜಲಿಸ್ ಇರುವುದು ಅದೇ ರಾಜ್ಯದಲ್ಲಿ. ‘ಗಾಳಿ ಸ್ವಚ್ಛ ಮಾಡುತ್ತೇನೆ ಅನ್ನುತ್ತೀಯಲ್ಲ ಸ್ವಾಮಿ, ನಿನ್ನ ಅಂಗಳದಲ್ಲಿ ನಿಂತಿರುವುದು ಏನು?’ ಅಂತ ವಿರೋಧಿಗಳು ಹಿಡಿದರು. ಪರಿಸರದವರು ಹಿಡಿದರು. ಪತ್ರಿಕೆಯವರಂತೂ ಬಿಡುತ್ತಾರೆಯೇ?

ಇಲ್ಲಿಂದ ಕಥೆಗೆ ತಿರುವು ನೋಡಿ. 2004ರಲ್ಲಿ ಜಲಜನಕದಿಂದ ಓಡುವ ಹಮ್ಮರ್ ಒಂದನ್ನು ಜನರಲ್ ಮೋಟಾರ್ಸ್ ತಯಾರಿಸಿತು. ಲಾಸ್ ಏಂಜಲಿಸ್ ವಿಮಾನ ನಿಲ್ದಾಣದ ಹತ್ತಿರ ಜಲಜನಕದ ಬಂಕು ಉದ್ಘಾಟಿಸಲು ಗವರ್ನರ್ ಸಾಹೇಬರು ಅದರಲ್ಲೇ ಬಂದರು. ‘ಎಬಿ 32’ ಅನ್ನುವ ಕಾನೂನಿಗೆ 2006ರ ಸೆಪ್ಟೆಂಬರಿನಲ್ಲಿ ಸಹಿ ಹಾಕಿದ. ಭೂಮಿಯನ್ನು ಬಿಸಿ ಮಾಡುವ ಅನಿಲಗಳನ್ನು 2020ರ ಹೊತ್ತಿಗೆ 1990ರ ಮಟ್ಟಕ್ಕೆ ಇಳಿಸಬೇಕು ಅಂತ ಅದರ ಗುರಿ. ಆ ಗುರಿಯನ್ನು ಕ್ಯಾಲಿಫೋರ್ನಿಯಾ ನಾಲ್ಕು ವರ್ಷ ಮೊದಲೇ, 2016ರಲ್ಲೇ ಮುಟ್ಟಿತು. ಫೈಟಿಂಗ್ ಮಾಡದೇ ಗೆದ್ದ ಕ್ಲೈಮ್ಯಾಕ್ಸು ಅಂದರೆ ಇದೇ!

ಹಮ್ಮರ್ ಏನಾಯಿತು? ಪೆಟ್ರೋಲ್ ಬೆಲೆ ಏರಿತು, ಆರ್ಥಿಕ ಕುಸಿತ ಬಂತು. ಚೀನಾದ ಕಂಪನಿಯೊಂದಕ್ಕೆ ಮಾರುವ ಮಾತುಕತೆ ಮುರಿದುಬಿತ್ತು. 2010ರಲ್ಲಿ ಅಂಗಡಿ ಮುಚ್ಚಿತು. ಹತ್ತು ವರ್ಷದ ನಂತರ ಅದೇ ಹೆಸರಿಗೆ ಪುನರ್ಜನ್ಮ ಬಂದದ್ದು ಬ್ಯಾಟರಿ ಗಾಡಿಯಾಗಿ. ಆ ಹೊಸ ಹಮ್ಮರಿನ ತೂಕ ನಾಲ್ಕು ಟನ್ನು ದಾಟುತ್ತದೆ. ಈ ತೂಕದ ವಿಷಯಕ್ಕೆ ಮತ್ತೆ ಬರುತ್ತೇನೆ.

ಹುಟ್ಟೂರ ಪಕ್ಕದ ಕಾರ್ಖಾನೆ

ಅರ್ನಾಲ್ಡ್ ಹುಟ್ಟಿದ್ದು 1947ರಲ್ಲಿ, ಆಸ್ಟ್ರಿಯಾ ದೇಶದ ಥಾಲ್ ಅನ್ನುವ ಹಳ್ಳಿಯಲ್ಲಿ. ಅದರ ಪಕ್ಕದ ಪಟ್ಟಣವೇ ಗ್ರಾಟ್ಸ್. 1979ರಿಂದ ಮರ್ಸಿಡಿಸ್ ಜಿ ವ್ಯಾಗನ್ ತಯಾರಾಗುತ್ತಿರುವುದು ಇದೇ ಗ್ರಾಟ್ಸಿನಲ್ಲಿ! ಡಬ್ಬಿಯಂಥ ಆಕಾರ, ಚಪ್ಪಟೆ ಗಾಜು, ಬಾಗಿಲು ಹಾಕಿದರೆ ಬಂದೂಕಿನ ಕುದುರೆ ಎಳೆದ ಹಾಗೆ ‘ಟಕ್’ ಅನ್ನುವ ಸದ್ದು. ಮೊದಲು ಸೈನ್ಯಕ್ಕೂ ಕಾಡುಮೇಡಿಗೂ ಅಂತ ಹುಟ್ಟಿದ ಗಾಡಿ ಇವತ್ತು ಹಾಲಿವುಡ್ಡಿನಿಂದ ಮುಂಬಯಿವರೆಗೆ ತಾರೆಯರ ಅಂಗಳದ ಅಲಂಕಾರ. ಅರ್ನಾಲ್ಡನಿಗಂತೂ ತವರೂರಿನ ಗಾಡಿ. ಹುಚ್ಚು ಹಿಡಿಯದೇ ಇರುತ್ತದೆಯೇ?

ಅದೇ ಆಸ್ಟ್ರಿಯಾದ ಫ್ರೈಸ್ಟಾಟ್ ಕಡೆಯ ಮೂವರು ಅಣ್ಣತಮ್ಮಂದಿರು, ಕ್ರೈಸಲ್ ಸಹೋದರರು. ಓಡುತ್ತಿರುವ ಒಳ್ಳೇ ಕಾರಿನ ಎಂಜಿನ್ ಕಿತ್ತು ಹಾಕಿ ಬ್ಯಾಟರಿ, ಮೋಟರು ಜೋಡಿಸುವುದರಲ್ಲಿ ಹೆಸರು ಮಾಡಿದವರು. ಅರ್ನಾಲ್ಡ್ ಇವರ ಕೈಗೆ ಒಂದು ಡೀಸೆಲ್ ಜಿ ವ್ಯಾಗನ್ ಕೊಟ್ಟ. ಸುಮಾರು ಎರಡು ತಿಂಗಳು ಕೆಲಸ. 2017ರ ಜನವರಿಯಲ್ಲಿ ಹಿಮ ಬಿದ್ದ ಕಿಟ್ಸ್‌ಬ್ಯೂಹಲ್ ಪ್ರದೇಶದಲ್ಲಿ ಗಾಡಿ ಹೊರಬಂತು. 80 ಯೂನಿಟ್ಟಿನ ಬ್ಯಾಟರಿ, ಒಮ್ಮೆ ತುಂಬಿದರೆ ಸುಮಾರು 300 ಕಿಲೋಮೀಟರ್. ಡೀಸೆಲ್ಲಿನಲ್ಲಿದ್ದಾಗ ಏದುಸಿರು ಬಿಡುತ್ತಿದ್ದ ಅದೇ ಗಾಡಿ ಈಗ ಆರು ಸೆಕೆಂಡಿನೊಳಗೆ ನೂರರ ವೇಗ ಮುಟ್ಟಿತು! ಕಂಪನಿಯವರೇ ಕರೆಂಟ್ ಜಿ ವ್ಯಾಗನ್ ಮಾರುವುದಕ್ಕೆ ಏಳು ವರ್ಷ ಮೊದಲಿನ ಮಾತಿದು. ಅದೇ ವರ್ಷ ಹಳೇ ಮಾದರಿಯ ಹಮ್ಮರಿಗೂ ಈ ಸಹೋದರರು ಬ್ಯಾಟರಿ ಹಾಕಿ ತೋರಿಸಿದರು. ದಾವಣಗೆರೆಯ ಗ್ಯಾರೇಜಿನ ಮಿತ್ರರೇ, ಈ ಪ್ಯಾರಾ ನಿಮಗಾಗಿ. ಗುರುತು ಹಾಕಿಟ್ಟುಕೊಳ್ಳಿ.

ಹಾಳು ಟಾಕೀಸಿನಲ್ಲಿ ಒಂದು ಮಾತು

ಮುಂದಿನ ದೃಶ್ಯ ಅಮೆರಿಕದ ಡೆಟ್ರಾಯಿಟ್ ನಗರ, 2018ರ ಜನವರಿ. ಹೊಸ ಜಿ ವ್ಯಾಗನ್ ಬಿಡುಗಡೆ ಸಮಾರಂಭ ಏರ್ಪಾಡಾಗಿದ್ದು ಎಲ್ಲಿ ಗೊತ್ತೇ? ಮಿಷಿಗನ್ ಥಿಯೇಟರಿನಲ್ಲಿ. 1926ರಲ್ಲಿ ಕಟ್ಟಿದ, ನಾಲ್ಕು ಸಾವಿರ ಜನ ಕೂರಬಹುದಾಗಿದ್ದ ಅರಮನೆಯಂಥ ಟಾಕೀಸು. 1976ರಲ್ಲಿ ಬಾಗಿಲು ಹಾಕಿತು. ಆಮೇಲೆ ಒಳಗೆ ಕಾರು ನಿಲ್ಲಿಸುವ ಅಂತಸ್ತು ಕಟ್ಟಿದರು! ಇವತ್ತಿಗೂ ಮೇಲೆ ನೋಡಿದರೆ ಚಿತ್ತಾರದ ಚಾವಣಿ, ಕೆಳಗೆ ನೋಡಿದರೆ ಪಾರ್ಕಿಂಗು. ಆ ಜಾಗದಲ್ಲೇ ಮೊದಲು ಹೆನ್ರಿ ಫೋರ್ಡ್ ತನ್ನ ಮೊಟ್ಟಮೊದಲ ಕಾರು ತಯಾರಿಸಿದ ಷೆಡ್ಡು ಇತ್ತಂತೆ. ಕಾರಿನ ಷೆಡ್ಡು ಟಾಕೀಸಾಯಿತು, ಟಾಕೀಸು ಕಾರಿನ ಷೆಡ್ಡಾಯಿತು. ನಮ್ಮೂರುಗಳಲ್ಲಿ ಒಂದೊಂದೇ ಟಾಕೀಸು ಕೆಡವಿ ಮಳಿಗೆ ಕಟ್ಟುವುದನ್ನು ನೋಡುತ್ತಿರುವ ನಮಗೆ ಹೊಟ್ಟೆ ಚುರುಕ್ ಅನ್ನದೇ ಇರುತ್ತದೆಯೇ... ಇರಲಿ, ಕಥೆಗೆ ಬರೋಣ.

ಆ ವೇದಿಕೆಗೆ ಅರ್ನಾಲ್ಡ್ ಬಂದ. ಆಗಿನ ಮರ್ಸಿಡಿಸ್ ಮುಖ್ಯಸ್ಥ ಡೀಟರ್ ಜೆಟ್ಷೆ ಅವರಿಗೆ ಎಲ್ಲರ ಎದುರಿಗೇ ಕೇಳಿದ, ಈ ಗಾಡಿ ಕರೆಂಟಿನಲ್ಲೂ ಬರುತ್ತದೋ ಇಲ್ಲವೋ ಅಂತ. ಬರುತ್ತದೆ ಅಂತ ಅವರು ಒಪ್ಪಿಕೊಂಡರು. 2024ರ ಏಪ್ರಿಲಿನಲ್ಲಿ ಆ ಮಾತು ನಡೆಯಿತು. ಗಾಡಿಯ ಹೆಸರು ಜಿ 580.

ಇಷ್ಟರ ಮಧ್ಯೆ 2022ರ ಫೆಬ್ರುವರಿಯಲ್ಲಿ ಬಿಎಂಡಬ್ಲ್ಯು ಕಂಪನಿಯ ಐಎಕ್ಸ್ ಅನ್ನುವ ಕರೆಂಟ್ ಎಸ್‌ಯುವಿಯ ಜಾಹೀರಾತಿನಲ್ಲೂ ಅರ್ನಾಲ್ಡ್ ಕಾಣಿಸಿಕೊಂಡ. ಪಾತ್ರ ಯಾವುದು? ಗ್ರೀಕರ ದೇವರಾಜ ಜ್ಯೂಸ್, ನಮ್ಮ ಇಂದ್ರನ ಹಾಗೆ ಸಿಡಿಲಿನ ಒಡೆಯ! ಜೊತೆಗೆ ರಾಣಿಯಾಗಿ ಸಾಲ್ಮಾ ಹಯೆಕ್. ನಿವೃತ್ತನಾಗಿ ಮನೆ ಸೇರಿದ ದೇವರಾಜನಿಗೆ ನೆರೆಹೊರೆಯವರೆಲ್ಲ ಅದು ಚಾರ್ಜ್ ಮಾಡಿಕೊಡಿ, ಇದು ಚಾರ್ಜ್ ಮಾಡಿಕೊಡಿ ಅಂತ ಪ್ರಾಣ ತಿನ್ನುತ್ತಾರೆ. ಕೊನೆಗೆ ಹೆಂಡತಿ ಕರೆಂಟ್ ಕಾರು ತಂದುಕೊಟ್ಟ ಮೇಲೆ ಮುಖ ಅರಳುತ್ತದೆ. ಸಿಡಿಲಿನ ಒಡೆಯನಿಗೆ ಮಿಂಚಿನ ಗಾಡಿ! ಒಂದು ಮಾತು ಮರೆಯಬೇಡಿ: ಅದು ದುಡ್ಡು ತೆಗೆದುಕೊಂಡು ಮಾಡಿದ ಜಾಹೀರಾತು. ಪಂದ್ಯದ ಲೆಕ್ಕಕ್ಕೆ ನಾನು ಅದನ್ನು ಸೇರಿಸುವುದಿಲ್ಲ.

ಈಗ ಅಂಗಡಿಗೆ ಹೋಗೋಣ

ಜೇಬಿನಲ್ಲಿ ಬಸ್ ಚಾರ್ಜು ಬಿಟ್ಟು ಬೇರೇನೂ ಇಲ್ಲದಿದ್ದರೂ ಪರವಾಗಿಲ್ಲ. ಕನಸಿಗೆ ತೆರಿಗೆ ಇಲ್ಲ. ಎಡಗಡೆ ಎಎಂಜಿ ಜಿ 63, ಪೆಟ್ರೋಲು. ಬಲಗಡೆ ಜಿ 580, ಕರೆಂಟು. ದೂರದಿಂದ ನೋಡಿದರೆ ಅವಳಿ ಜವಳಿ. ದ್ವಿಪಾತ್ರದ ಸಿನಿಮಾ ಅಂದುಕೊಳ್ಳಿ!

ಎಡಗಡೆಯವನ ಎದೆಯಲ್ಲಿ ನಾಲ್ಕು ಲೀಟರಿನ, ಎಂಟು ಸಿಲಿಂಡರಿನ, ಎರಡು ಟರ್ಬೊ ಇರುವ ಎಂಜಿನ್ನು. 585 ಕುದುರೆ ಶಕ್ತಿ, ಜೊತೆಗೆ ಸಹಾಯಕ್ಕೆ ಒಂದು ಪುಟ್ಟ ಮೋಟರು. ಹೊಗೆ ಕೊಳವೆ ಹಿಂದಿಲ್ಲ, ಹಿಂಬಾಗಿಲಿನ ಕೆಳಗೆ ಪಕ್ಕಕ್ಕೆ ಬಂದಿದೆ. ಸ್ಟಾರ್ಟ್ ಮಾಡಿದರೆ ಬೀದಿಯ ನಾಯಿಗಳು ಎದ್ದು ನಿಲ್ಲುತ್ತವೆ.

ಬಲಗಡೆಯವನಿಗೆ ಎಂಜಿನ್ನೇ ಇಲ್ಲ. ನಾಲ್ಕು ಚಕ್ರಕ್ಕೆ ನಾಲ್ಕು ಮೋಟರು, ಒಂದೊಂದು ಚಕ್ರವನ್ನೂ ಬೇರೆ ಬೇರೆ ತಿರುಗಿಸಬಲ್ಲವು. ಒಟ್ಟು 587 ಕುದುರೆ ಶಕ್ತಿ. ಶಕ್ತಿಯಲ್ಲಿ ಸರಿಸಮ, ಆದರೆ ಎಳೆತದಲ್ಲಿ ಪೆಟ್ರೋಲಿನವನದು 850 ನ್ಯೂಟನ್ ಮೀಟರ್ ಆದರೆ ಇವನದು 1,164. ಎಡಭಾಗದ ಚಕ್ರ ಮುಂದಕ್ಕೆ, ಬಲಭಾಗದ್ದು ಹಿಂದಕ್ಕೆ ತಿರುಗಿಸಿ, ಮಣ್ಣಿನ ಬಯಲಿನಲ್ಲಿ ನಿಂತ ಜಾಗದಲ್ಲೇ ಬುಗುರಿಯ ಹಾಗೆ ಎರಡು ಸುತ್ತು ಸುತ್ತಬಲ್ಲ. ಯಾವ ಸ್ಟಂಟ್ ಮಾಸ್ಟರ್ ಕೂಡ ಪೆಟ್ರೋಲ್ ಜಿ ವ್ಯಾಗನ್ನಿನಲ್ಲಿ ಇದನ್ನು ಮಾಡಿ ತೋರಿಸಲಾರ. ಹೊಳೆ ದಾಟುವಾಗಲೂ ಇವನದೇ ಮೇಲುಗೈ: ಪೆಟ್ರೋಲಿನವನು 70 ಸೆಂಟಿಮೀಟರ್ ನೀರಿಗೆ ಇಳಿಯಬಲ್ಲ, ಇವನು 85. ‘ಕರೆಂಟಿಗೂ ನೀರಿಗೂ ಆಗಿಬರುತ್ತದೆಯೇ’ ಅಂತ ನಾನೂ ಮೊದಲು ಹುಬ್ಬೇರಿಸಿದ್ದೆ. ಬ್ಯಾಟರಿಗೆ ನೀರು ನುಗ್ಗದ ಹಾಗೆ ಬಿಗಿ ಮಾಡಿದ್ದಾರೆ. ಗಾಳಿ ಎಳೆದುಕೊಳ್ಳುವ ಎಂಜಿನ್ನು ಇಲ್ಲದಿದ್ದರಿಂದ ಉಸಿರು ಕಟ್ಟುವ ಪ್ರಶ್ನೆಯೂ ಇಲ್ಲ.

ಓಟದಲ್ಲಿ ಮಾತ್ರ ಪೆಟ್ರೋಲಿನವನು ಕೂದಲೆಳೆಯಷ್ಟು ಮುಂದೆ. ನೂರರ ವೇಗಕ್ಕೆ ಅವನು ನಾಲ್ಕೂಕಾಲು ಸೆಕೆಂಡಿನ ಆಸುಪಾಸು, ಇವನು 4.7. ಕಾರಣ ತೂಕ. ಕರೆಂಟಿನವನು ಮೂರು ಟನ್ನಿನ ಮೇಲೆ 85 ಕಿಲೊ. ಹೊಟ್ಟೆಯ ಕೆಳಗೆ ಹೊತ್ತಿರುವ 116 ಯೂನಿಟ್ಟಿನ ಬ್ಯಾಟರಿಯ ಭಾರ ಅದು.

ಬೆಲೆ ಕೇಳುವ ಧೈರ್ಯ ಇದೆಯೇ? ಜಿ 63 ನಮ್ಮ ದೇಶಕ್ಕೆ 2024ರ ಅಕ್ಟೋಬರಿನಲ್ಲಿ ಬಂದಾಗ ಷೋರೂಮಿನ ಬೆಲೆ 3 ಕೋಟಿ 60 ಲಕ್ಷ. ಜಿ 580 ಬಂದದ್ದು 2025ರ ಜನವರಿಯಲ್ಲಿ, 3 ಕೋಟಿಗೆ. ಪೆಟ್ರೋಲಿನ ದೊಡ್ಡ ಗಾಡಿಗೆ 2025ರ ಸೆಪ್ಟೆಂಬರಿನಿಂದ ಜಿಎಸ್‌ಟಿ ಶೇಕಡ 40, ಅದಕ್ಕೆ ಮೊದಲು ಸೆಸ್ ಎಲ್ಲ ಸೇರಿ ಶೇಕಡ 50. ಕರೆಂಟಿನದಕ್ಕೆ ಬರೇ 5. ನಮ್ಮ ರಾಜ್ಯದಲ್ಲಿ ಕರೆಂಟ್ ಕಾರಿಗೆ 2016ರಿಂದ ರಸ್ತೆ ತೆರಿಗೆಯೇ ಇರಲಿಲ್ಲ. 2024ರಲ್ಲಿ, 25 ಲಕ್ಷಕ್ಕೆ ಮೇಲ್ಪಟ್ಟ ಕರೆಂಟ್ ಕಾರುಗಳಿಗೆ ಶೇಕಡ 10ರ ಆಜೀವ ತೆರಿಗೆ ಹಾಕಿದರು. ಆಗ ದುಬಾರಿ ಪೆಟ್ರೋಲ್ ಕಾರಿಗೆ ಇದ್ದದ್ದು ಶೇಕಡ 18, ಮೇಲೆ ಸೆಸ್ ಬೇರೆ. ಆ ದರದಲ್ಲಿ ಲೆಕ್ಕ ಹಾಕಿದರೆ ಜಿ 63ರ ರಸ್ತೆ ತೆರಿಗೆಯೊಂದೇ 64 ಲಕ್ಷದ ಮೇಲೆ! ದಾವಣಗೆರೆಯಲ್ಲಿ ಅಷ್ಟು ದುಡ್ಡಿಗೆ ಮನೆಯನ್ನೇ ಕೊಳ್ಳಬಹುದು ಅಂತ ನಮ್ಮ ಕಚೇರಿಯ ಹುಡುಗ ಹೇಳಿ ಎದ್ದುಹೋದ.

ಓಡಿಸುವ ಖರ್ಚು? 350 ಕಿಲೋಮೀಟರಿನ ಪ್ರಯಾಣ ಅಂತಿಟ್ಟುಕೊಳ್ಳಿ. ಪೆಟ್ರೋಲಿನವನು ಲೀಟರಿಗೆ ಆರೂವರೆ ಕೊಟ್ಟ ಅಂತ ಉದಾರವಾಗಿ ಲೆಕ್ಕ ಹಾಕಿದರೂ 54 ಲೀಟರು ಬೇಕು, ಲೀಟರಿಗೆ ನೂರು ರೂಪಾಯಿಯಂತೆ ಐದು ಸಾವಿರದ ನಾನೂರು. ಕರೆಂಟಿನವನಿಗೆ ಮನೆಯಲ್ಲೇ ಯೂನಿಟ್ಟಿಗೆ ಎಂಟು ರೂಪಾಯಿಯಂತೆ ಪೂರ್ತಿ ತುಂಬಿದರೂ ಸಾವಿರದ ಒಳಗೆ. ಆದರೆ ಮೂರು ಕೋಟಿ ಕೊಡುವವನು ನಾಲ್ಕು ಸಾವಿರ ಉಳಿಯಿತು ಅಂತ ಕುಣಿಯುತ್ತಾನೆಯೇ? ಅವನಿಗೆ ಬೇಕಾದ್ದು ಸಮಯ. ಅಲ್ಲಿ ಕರೆಂಟಿನವನು ಸೋಲುತ್ತಾನೆ. ಕಂಪನಿ ಹೇಳುವ ದೂರ ಒಂದು ಚಾರ್ಜಿಗೆ 473 ಕಿಲೋಮೀಟರ್, ಅದೂ ಪರೀಕ್ಷೆಯ ಲೆಕ್ಕ. ಏರು ತಗ್ಗು, ಏಸಿ, ವೇಗ ಎಲ್ಲ ಸೇರಿದರೆ ಇನ್ನೂ ಕಡಿಮೆ. ದೊಡ್ಡ ವೇಗದ ಚಾರ್ಜರ್ ಸಿಕ್ಕರೆ ಹತ್ತರಿಂದ ಎಂಬತ್ತು ಪರ್ಸೆಂಟಿಗೆ ಅರ್ಧ ಗಂಟೆ. ಅಂಥ ಚಾರ್ಜರ್ ಎಲ್ಲಾ ಊರಲ್ಲೂ ಇರುವುದಿಲ್ಲ, ಇದ್ದ ಕಡೆ ಸರದಿ ಇರುತ್ತದೆ. ಪೆಟ್ರೋಲಿನವನಿಗೆ ನೂರು ಲೀಟರಿನ ಟ್ಯಾಂಕು, ಐದು ನಿಮಿಷದ ಕೆಲಸ. ಇನ್ನೊಂದು ವಿಷಯ: ಜಿ ವ್ಯಾಗನ್ನಿನ ಬೆನ್ನಿಗೆ ಗುಂಡಗೆ ಅಂಟಿಕೊಂಡಿರುವ ಸ್ಟೆಪ್ನಿ ಚಕ್ರ ಇರುತ್ತದಲ್ಲ, ಕರೆಂಟಿನವನಿಗೆ ಆ ಜಾಗದಲ್ಲಿ ಚಾರ್ಜಿಂಗ್ ವೈರು ಇಡುವ ಪೆಟ್ಟಿಗೆ ಕೊಟ್ಟಿದ್ದಾರೆ! ಮಲೆನಾಡಿನ ಕಾಡುದಾರಿಯಲ್ಲಿ ಪಂಕ್ಚರ್ ಆದರೆ ವೈರು ಹಿಡಿದುಕೊಂಡು ಏನು ಮಾಡುವುದು ಸ್ವಾಮಿ?

ಗುಡುಗಿಗೂ ಡಬ್ಬಿಂಗ್!

ಇನ್ನು ಸದ್ದಿನ ವಿಷಯ. ಅಭಿಮಾನಿಗಳಿಗೆ ಹೊಟ್ಟೆ ಉರಿಯುವುದು ಇಲ್ಲೇ. ಕರೆಂಟ್ ಜಿ ವ್ಯಾಗನ್ನಿನಲ್ಲಿ ‘ಜಿ ರೋರ್’ ಅಂತ ಒಂದು ಏರ್ಪಾಡಿದೆ. ಸ್ಪೀಕರಿನಿಂದ ಹೊರಡುವ ಗರ್ಜನೆ. ಬೇಕೆಂದರೆ ಹಾಕಿಕೊಳ್ಳಿ, ಬೇಡವೆಂದರೆ ಬಿಡಿ. ‘ಥೂ, ಸುಳ್ಳು ಸದ್ದು!’ ಅಂತ ಗ್ಯಾರೇಜಿನ ಮಿತ್ರರು ಬರೆದಿದ್ದಾರೆ.

ಮಿತ್ರರೇ, ಒಂದು ಗುಟ್ಟು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಟಾಕೀಸಿನಲ್ಲಿ ನಮ್ಮ ಎದೆ ನಡುಗಿಸಿದ ಎಷ್ಟೋ ಗಾಡಿಗಳ ಸದ್ದು ಆ ಗಾಡಿಗಳದೇ ಅಲ್ಲ! ಚಿತ್ರೀಕರಣದ ಜಾಗದಲ್ಲಿ ಗಾಳಿ, ಜನ, ಜನರೇಟರಿನ ಗಲಾಟೆ. ಆಮೇಲೆ ಸ್ಟುಡಿಯೋದಲ್ಲಿ ಕುಳಿತು ಬೇರೆ ಬೇರೆ ಸದ್ದುಗಳನ್ನು ಒಂದರ ಮೇಲೊಂದು ಪೇರಿಸಿ, ಉಬ್ಬಿಸಿ, ಚಿತ್ರಕ್ಕೆ ಕೂಡಿಸುತ್ತಾರೆ. ‘ಟರ್ಮಿನೇಟರ್ 2’ ಗೆದ್ದ ನಾಲ್ಕು ಆಸ್ಕರ್ ಪ್ರಶಸ್ತಿಗಳಲ್ಲಿ ಎರಡು ಶಬ್ದದ ಕೆಲಸಕ್ಕೇ ಬಂದವು. ನಾಯಕಿಗೆ ಬೇರೆಯವರು ದನಿ ಕೊಟ್ಟರೆ ನಾವು ಕಣ್ಣೀರು ಹಾಕುವುದಿಲ್ಲವೇ? ಗಾಡಿಗೆ ಸ್ಪೀಕರು ದನಿ ಕೊಟ್ಟರೆ ಏಕೆ ಸಿಟ್ಟು?

ಸದ್ದೇ ಇಲ್ಲದಿದ್ದರೆ ಅಪಾಯ ಅನ್ನುವುದೂ ನಿಜ. ಹಿಂದಿನಿಂದ ಗಾಡಿ ಬಂದದ್ದು ತಿಳಿಯುವುದಿಲ್ಲ. ಕಣ್ಣು ಕಾಣದವರ ಗತಿಯೇನು? ಅದಕ್ಕೇ ಯೂರೋಪಿನಲ್ಲಿ 2019ರ ಜುಲೈನಿಂದ, ಹೊಸ ಮಾದರಿಯ ಕರೆಂಟ್ ಕಾರುಗಳು ನಿಧಾನವಾಗಿ ಹೋಗುವಾಗ ಸದ್ದು ಮಾಡಲೇಬೇಕು ಅಂತ ಕಾನೂನು ತಂದರು. ಹೋದ ವರ್ಷ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಕರೆಂಟ್ ಬಸ್ಸೊಂದು ಬೆನ್ನ ಹಿಂದೆ ಬೆಕ್ಕಿನ ಹಾಗೆ ಬಂದು ನಿಂತು ನಾನು ಬೆಚ್ಚಿ ಬಿದ್ದೆ. ಕೈಲಿದ್ದ ಟೀ ಅಂಗಿಯ ಮೇಲೆ. ಆದರೆ ಬಸ್ಸು ಹೊರಟಾಗ ಮುಖಕ್ಕೆ ಹೊಗೆ ರಾಚಲಿಲ್ಲ! ಮೂವತ್ತು ವರ್ಷದಿಂದ ಆ ನಿಲ್ದಾಣದಲ್ಲಿ ಬಸ್ಸು ಹಿಡಿಯುವ ನನಗೆ ಅದು ಸಣ್ಣ ಮಾತಲ್ಲ.

ಈ ಹೊಗೆಯ ಬಗ್ಗೆ ಅರ್ನಾಲ್ಡನೇ 2015ರ ಡಿಸೆಂಬರಿನಲ್ಲಿ ಒಂದು ಸವಾಲು ಹಾಕಿದ್ದ. ಗಾಳಿಯಾಡದ ಎರಡು ಕೋಣೆ. ಒಂದರಲ್ಲಿ ಪೆಟ್ರೋಲ್ ಕಾರು, ಇನ್ನೊಂದರಲ್ಲಿ ಕರೆಂಟ್ ಕಾರು, ಎರಡೂ ಪೂರ್ತಿ ವೇಗದಲ್ಲಿ ಓಡುತ್ತಿವೆ. ಯಾವುದಾದರೂ ಒಂದು ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡು ಒಂದು ಗಂಟೆ ಇರಬೇಕು, ಮುಖವಾಡ ಇಲ್ಲ. ಯಾವ ಬಾಗಿಲು ತೆಗೆಯುತ್ತೀಯ ಅಂತ ಕೇಳಿದ. ಅಂಥ ಡೈಲಾಗಿಗೆ ಚಿತ್ರದಲ್ಲಾದರೆ ಶಿಳ್ಳೆ ಬೀಳುತ್ತಿತ್ತು.

ಆದರೂ ನನ್ನದೊಂದು ತಕರಾರಿದೆ. 116 ಯೂನಿಟ್ಟಿನ ಬ್ಯಾಟರಿ ಅಂದೆನಲ್ಲ, ನಿಮ್ಮ ಸ್ಕೂಟರಿನದು ಸುಮಾರು 3 ಯೂನಿಟ್ಟು. ಒಂದು ಜಿ ವ್ಯಾಗನ್ನಿನ ಬ್ಯಾಟರಿಯಲ್ಲಿ ಮೂವತ್ತೆಂಟು ಸ್ಕೂಟರು ಓಡಾಡಬಹುದು! ನಮ್ಮ ದೇಶದ ಕರೆಂಟಿನ ಬಹುಪಾಲು ಬರುವುದು ಕಲ್ಲಿದ್ದಲಿನಿಂದ. ರಾಯಚೂರಿನ ಕಡೆಯವರಿಗೆ ಆ ಬೂದಿ ಗೊತ್ತು. ಒಬ್ಬನೇ ಮನುಷ್ಯ ಕಾಫಿ ಕುಡಿಯಲು ಮೂರು ಟನ್ನು ಎಳೆದುಕೊಂಡು ಹೋದರೆ, ಅದು ಕರೆಂಟಾದರೇನು, ಪೆಟ್ರೋಲಾದರೇನು? ಅರ್ನಾಲ್ಡ್ ಎಣ್ಣೆ ಬಿಡಲು ಒಪ್ಪಿದ, ಗಾತ್ರ ಬಿಡಲಿಲ್ಲ. ಅವನ ಮೈಕಟ್ಟಿಗೆ ಸಣ್ಣ ಕಾರಿನಲ್ಲಿ ಹಿಡಿಸುವುದೂ ಕಷ್ಟ ಅನ್ನಿ!

ಗಿರಾಕಿಗಳೂ ಪೂರ್ತಿ ಒಲಿದಿಲ್ಲ. 2025ರ ಮಧ್ಯದಲ್ಲಿ ಜರ್ಮನಿಯ ಪತ್ರಿಕೆಯೊಂದು ವರದಿ ಮಾಡಿದ ಹಾಗೆ, ಕರೆಂಟ್ ಜಿ ವ್ಯಾಗನ್ನಿನ ಮಾರಾಟ ಎಣ್ಣೆ ಗಾಡಿಗಳಿಗಿಂತ ಎಷ್ಟೋ ಹಿಂದೆ ಬಿದ್ದಿತ್ತು. ಗಲ್ಲಾಪೆಟ್ಟಿಗೆಯಲ್ಲಿ ಇನ್ನೂ ಗುಡುಗಿನದೇ ಜೋರು.

ದೋಸೆಯ ತೀರ್ಪು

ನನ್ನ ಕೈಲಿ ಮೂರು ಕೋಟಿ ಇದ್ದರೆ? ಬೆಂಗಳೂರಿನಲ್ಲಿದ್ದು, ಮನೆಯಲ್ಲಿ ಚಾರ್ಜರ್ ಇದ್ದು, ವಾರಕ್ಕೊಮ್ಮೆ ಮೈಸೂರಿಗೆ ಹೋಗಿ ಬರುವವನಾದರೆ ಕಣ್ಣು ಮುಚ್ಚಿ ಕರೆಂಟಿನವನನ್ನೇ ತರುತ್ತೇನೆ. ರಾತ್ರೋರಾತ್ರಿ ಬೀದರಿಗೆ, ಗೋವಾಕ್ಕೆ ಓಡುವ ನಿರ್ಮಾಪಕನಾದರೆ ಸದ್ಯಕ್ಕೆ ಪೆಟ್ರೋಲು.

ಅರ್ನಾಲ್ಡನ ವಿಷಯಕ್ಕೆ ಬಂದರೆ, ಕಂಪನಿ ಮಾಡಿಕೊಡುವ ತನಕ ಕಾಯದೆ ತವರೂರಿನ ಗಾಡಿಯ ಎಂಜಿನ್ ತೆಗೆಸಿ ಬ್ಯಾಟರಿ ಹಾಕಿಸಿದವನು ಅವನು. ತುಂಬಿದ ಸಭೆಯಲ್ಲಿ ಕರೆಂಟ್ ಗಾಡಿ ಕೇಳಿದವನೂ ಅವನೇ. ಹಾಗಾಗಿ ಪಂದ್ಯ ಗೆದ್ದವರು ಸ್ಕೂಟರಿನ ಮಿತ್ರರು. ಆದರೆ ಆ ಪ್ಯಾಟನ್ ಟ್ಯಾಂಕು ಬ್ಯಾಟರಿಯದಲ್ಲವಲ್ಲ! ಅದರ ಲೆಕ್ಕದಲ್ಲಿ ಒಂದು ಭಾನುವಾರದ ದೋಸೆ ಗೆದ್ದವರೇ ಕೊಡಿಸಲಿ.

ಗ್ಯಾರೇಜಿನ ಮಿತ್ರರೇ, ನಿಮ್ಮ ಕೊನೆಯ ಸಾಲಿಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಕರೆಂಟ್ ಗಾಡಿಗೆ ಎಂಜಿನ್ ಆಯಿಲ್ಲು ಬೇಡ, ಸ್ಪಾರ್ಕ್ ಪ್ಲಗ್ಗು ಬೇಡ, ಸೈಲೆನ್ಸರ್ ಬೇಡ. ಅಷ್ಟು ಕೆಲಸ ಕಡಿಮೆಯಾಗುವುದು ನಿಜವೇ. ಆದರೆ ಮೂರು ಟನ್ನಿನ ಗಾಡಿಗೆ ಟೈರು ಬೇಗ ಸವೆಯುತ್ತದೆ, ಸಸ್ಪೆನ್ಷನ್ನು ಇರುತ್ತದೆ, ಬ್ರೇಕು, ಏಸಿ, ಸ್ಟೀರಿಂಗು ಎಲ್ಲ ಇರುತ್ತವೆ. ಗುರುತು ಹಾಕಿಟ್ಟುಕೊಳ್ಳಿ ಅಂದ ಪ್ಯಾರಾ ಇನ್ನೊಮ್ಮೆ ಓದಿ. ಕ್ರೈಸಲ್ ಸಹೋದರರು ಮಾಡಿದ್ದು ಏನು? ಎಂಜಿನ್ ಇಳಿಸಿ ಇನ್ನೊಂದು ಕೂರಿಸುವ ಕೆಲಸ. 2022ರಲ್ಲಿ ಟ್ರ್ಯಾಕ್ಟರ್ ತಯಾರಿಸುವ ಜಾನ್ ಡೀರ್ ಕಂಪನಿ ಅವರ ಕಂಪನಿಯ ಹೆಚ್ಚಿನ ಪಾಲನ್ನು ಕೊಂಡುಕೊಂಡಿತು. ಹೈ ವೋಲ್ಟೇಜ್ ವೈರಿಗೆ ಕೈ ಹಾಕುವ ಮೊದಲು ಕಲಿಯಬೇಕು, ಕಲಿಯದೇ ಮುಟ್ಟಿದರೆ ಜೀವಕ್ಕೇ ಅಪಾಯ. ನಿಮ್ಮೂರಲ್ಲಿ ಕರೆಂಟ್ ಗಾಡಿಯ ರಿಪೇರಿ ಯಾರಾದರೂ ಕಲಿಸುತ್ತಾರೋ ವಿಚಾರಿಸಿ. ಸ್ಕೂಟರ್ ಓಡಿಸುವ ಗೆಳೆಯ ಪಕ್ಕದಲ್ಲೇ ಇದ್ದಾನಲ್ಲ, ಅವನ ಗಾಡಿಯೇ ನಿಮ್ಮ ಮೊದಲ ಗಿರಾಕಿ ಆಗಬಹುದು.

ತಿಂಗಳು ಕಳೆದ ಮೇಲೆ ಯಾರ ಜೇಬು ಎಷ್ಟು ಖಾಲಿಯಾಯಿತು ಅಂತ ಮರೆಯದೇ ಕಾಗದ ಬರೆಯಿರಿ. ಒಂದೇ ಕಾಗದ ಸಾಕು, ಎರಡೂ ಕೈಬರಹ ಇರಲಿ!